ಕಾತ್ರಜದ ಅಂಗಳದಲ್ಲಿ ಮೈಸೂರಿನ ಜಾವಾ



ಬೆಂಗಳೂರಿನಿಂದ ಹೊರಟ ಹೆದ್ದಾರಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಬರುತ್ತದೆ. ಸುಮಾರು 840 ಕಿಲೋಮೀಟರ್ ದಾರಿ. ಪುಣೆ ಮುಟ್ಟುವ ಮೊದಲು ಕೊನೆಯದೊಂದು ಘಾಟಿ ಹತ್ತಬೇಕು. ಹಳೆಯ ರಸ್ತೆಯಲ್ಲಾದರೆ ಘಾಟಿಯ ನೆತ್ತಿಯಲ್ಲಿ ಒಂದು ಸುರಂಗ. ಸುರಂಗ ದಾಟಿ ಇಳಿದರೆ ಕಾತ್ರಜ. ಈಗ ಬೈಪಾಸಿಗೆ ಬೇರೆ ಸುರಂಗವಾಗಿದೆ. ಹಳೆಯ ಘಾಟಿಯೂ ಉಳಿದಿದೆ. ಆ ಘಾಟಿಯನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಅದರಿಂದ ಕೆಲಸವಿದೆ.

ಪುಣೆಯವರಿಗೆ ಕಾತ್ರಜ ಎಂದರೆ ಹಾಲಿನ ಡೇರಿ. ಹಾವುಗಳನ್ನು ಸಾಕಿರುವ ಮೃಗಾಲಯ. ಪೇಶ್ವೆಗಳ ಕಾಲದಲ್ಲಿ ಊರಿಗೆ ನೀರು ಹರಿಸಿದ ಕೆರೆ. ಕರ್ನಾಟಕದ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಮಾತ್ರ ಅದು ‘ಪುಣೆ ಬಂತು, ಏಳ್ರೀ’ ಎನ್ನುವ ಜಾಗ.

ಇಂಥ ಊರಿನ ಒಂದು ಮನೆಯಂಗಳದಲ್ಲಿ ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಮೋಟಾರ್ ಸೈಕಲ್ ನಿಂತಿದೆ ಎಂದುಕೊಳ್ಳೋಣ. ಟ್ಯಾಂಕಿಗೆ ತುಕ್ಕು. ಎಂಜಿನ್ ಜಾಮ್. ಸೀಟಿನ ಸ್ಪ್ರಿಂಗು ಹೊರಗೆ. ಮನೆಯವರು ಗುಜರಿಗೆ ಹಾಕಿ ಎನ್ನುತ್ತಾರೆ. ಮಾಲೀಕ ಒಪ್ಪುವುದಿಲ್ಲ. ಅದನ್ನು ಮತ್ತೆ ರಸ್ತೆಗಿಳಿಸಬೇಕು ಎಂಬ ಹಟ ಅವನದು. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದು ಇವತ್ತಿನ ವಿಷಯ. ಅದರಲ್ಲೂ ಒಂದೇ ಪ್ರಶ್ನೆಯನ್ನು ಉದ್ದಕ್ಕೂ ಹಿಡಿದು ಹೋಗೋಣ. ಹಳೆಯ ಗಾಡಿಯಲ್ಲಿ ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು?

ಮೊದಲು ಗಾಡಿಯ ಕುಲಗೋತ್ರ ನೋಡೋಣ.

ಜಾವಾ ಮೂಲತಃ ಚೆಕ್ ನಾಡಿನದು. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಈ ಕಂಪನಿ ಶುರು ಮಾಡಿದ. ಭಾರತದಲ್ಲಿ ಅದನ್ನು ತಯಾರಿಸಲು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅದರ ಹಿಂದಿನ ಹೆಸರುಗಳು. ಕಾರ್ಖಾನೆ ಯಾದವಗಿರಿಯಲ್ಲಿತ್ತು. 1961ರಿಂದ ಗಾಡಿಗಳು ಹೊರಬಂದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು.

ಮುಚ್ಚಿದ್ದಕ್ಕೆ ಕಾರಣಗಳು ಹಲವು. ಕಾರ್ಮಿಕರ ತಕರಾರು, ಹೊಗೆಯ ಕಾನೂನು ಎಲ್ಲ ಸೇರಿತ್ತು. ಆದರೆ ದೊಡ್ಡ ಹೊಡೆತ ಕೊಟ್ಟದ್ದು 1980ರ ದಶಕದ ನಡುವೆ ಬಂದ ಜಪಾನಿ ನಂಟಿನ 100 ಸಿಸಿ ಗಾಡಿಗಳು. ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100. ಜೊತೆಗೆ ಪುಣೆಯ ಬಜಾಜ್ ಕಂಪನಿ ಕವಾಸಕಿಯೊಡನೆ ಸೇರಿ ತಂದ ಗಾಡಿ. ಅಂದರೆ ಮೈಸೂರಿನ ಗಾಡಿಗೆ ಕಷ್ಟ ತಂದವರಲ್ಲಿ ಪುಣೆಯ ಪಾಲೂ ಇದೆ! ಈಗ ಅದೇ ಪುಣೆಯಲ್ಲಿ ಜಾವಾ ಗಾಡಿಯನ್ನು ಮುದ್ದು ಮಾಡುವವರು ಸಾಕಷ್ಟು ಇದ್ದಾರೆ. ಕಾಲ ಹೀಗೂ ಲೆಕ್ಕ ಚುಕ್ತಾ ಮಾಡುತ್ತದೆ.

ಜಾವಾ ಕಂಡಿಲ್ಲದ ಕಿರಿಯರಿಗಾಗಿ ನಾಲ್ಕು ಮಾತು. ಗಾಡಿಯ ಮೈಬಣ್ಣ ಕಡು ಕೆಂಪು, ಹಣ್ಣಾದ ನೇರಳೆಗೆ ಹತ್ತಿರದ ಕೆಂಪು. ಪೆಟ್ರೋಲ್ ಟ್ಯಾಂಕು ಗುಂಡುಗುಂಡಾಗಿದೆ. ಅದರ ಎರಡೂ ಕೆನ್ನೆಗೆ ಹೊಳೆಯುವ ಕ್ರೋಮ್, ಮೊಣಕಾಲು ಒರಗಲು ಕಪ್ಪು ರಬ್ಬರು. ಕೆಂಪಿನ ಅಂಚಿಗೆ ಬಂಗಾರದ ಬಣ್ಣದ ತೆಳು ಗೆರೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಸಿಲಿಂಡರ್ ಒಂದೇ. ಆದರೆ ಸೈಲೆನ್ಸರ್ ಎರಡು, ಬಲಕ್ಕೊಂದು ಎಡಕ್ಕೊಂದು. ಎಡಗಡೆ ಕಾಲ ಬಳಿ ಇರುವುದು ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಒದ್ದರೆ ಅದು ಕಿಕ್ಕರ್. ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಗೇರ್ ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಅರುವತ್ತರ ದಶಕದ ಹಳ್ಳಿ ರಸ್ತೆಯಲ್ಲಿ ಇಂಥ ಗಾಡಿ ಬಂದರೆ ಜನ ನಿಂತು ನೋಡಿರಲೇಬೇಕು.

ಗಾಡಿಯ ಪರಿಚಯವಾಯಿತು. ಇನ್ನು ಜಾಗದ ಮಾತು.

ಮನೆ ಗ್ಯಾರೇಜ್ ಎಂದೊಡನೆ ವಿದೇಶಿ ಸಿನಿಮಾದ ದೊಡ್ಡ ಶೆಡ್ಡನ್ನು ಕಲ್ಪಿಸಿಕೊಳ್ಳಬೇಡಿ. ಕಾತ್ರಜದಂಥ ಕಿಕ್ಕಿರಿದ ಬಡಾವಣೆಯಲ್ಲಿ ಅಷ್ಟು ಜಾಗ ಯಾರಿಗಿದೆ? ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನ ಒಂದು ಮೂಲೆ. ಇಲ್ಲವೇ ಹಳೆಯ ಮನೆಯ ಪಕ್ಕಕ್ಕೆ ಶೀಟು ಹೊದಿಸಿದ ಚಾವಡಿ. ಎಂಟಡಿ ಹತ್ತಡಿ ಜಾಗವಿದ್ದರೆ ಧಾರಾಳ. ಒಂದು ಒಳ್ಳೆಯ ದೀಪ, ಮೇಜಿಗೆ ಬಿಗಿದ ಒಂದು ವೈಸು, ಸ್ಪ್ಯಾನರ್ ಸೆಟ್ಟು. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್. ಇವು ಇದ್ದರೆ ಎಂಜಿನ್ ಬಿಚ್ಚಬಹುದು. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲೇಬೇಕು. ಪೆಟ್ರೋಲಿನ ಆವಿ ನೆಲಕ್ಕಂಟಿ ಹರಿಯುತ್ತದೆ, ಒಂದು ಕಿಡಿ ಸಾಕು. ಸೊಸೈಟಿಯ ನೆರೆಹೊರೆಯವರು ಸದ್ದಿನ ಬಗ್ಗೆ, ಹೊಗೆಯ ಬಗ್ಗೆ ದೂರು ಹೇಳುತ್ತಾರೆ. ಅವರ ದೂರಿನಲ್ಲಿ ನ್ಯಾಯವಿದೆ. ಎರಡು ಸ್ಟ್ರೋಕಿನ ಹೊಗೆಯನ್ನು ಸುಗಂಧ ಎನ್ನುವವರು ಅದರ ಮಾಲೀಕರು ಮಾತ್ರ.

ಗಾಡಿ ಸಿಕ್ಕಿತು, ಜಾಗ ಸಿಕ್ಕಿತು. ಈಗ ಸ್ಪ್ಯಾನರ್ ಹಿಡಿಯುವುದೇ? ಇಲ್ಲ. ಮೊದಲು ಕಾಗದಪತ್ರ.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನೋಂದಣಿಯಾದ ಗಾಡಿಯನ್ನು ಪುಣೆಯಲ್ಲಿ ಕಾಯಂ ಓಡಿಸಬೇಕಾದರೆ ಮೂಲ ಊರಿನ ಆರ್‌ಟಿಒ ಕಚೇರಿಯಿಂದ ಎನ್‌ಒಸಿ ತರಬೇಕು. ಆರ್‌ಸಿ ಬುಕ್ಕಿನಲ್ಲಿ ಬರೆದ ಎಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲಿನ ಅಂಕಿಗಳಿಗೆ ತಾಳೆಯಾಗಬೇಕು. ಇಲ್ಲಿಯೇ ನಮ್ಮ ಪ್ರಶ್ನೆಗೆ ಮೊದಲ ಉತ್ತರ ಸಿಗುತ್ತದೆ. ಯಾವುದನ್ನು ಮುಟ್ಟಬಾರದು? ಈ ಎರಡು ನಂಬರುಗಳನ್ನು. ತುಕ್ಕು ಉಜ್ಜುವ ಭರದಲ್ಲಿ ಗ್ರೈಂಡರ್ ಹಿಡಿದು ಅಂಕಿ ಸವೆಸಿದರೆ ಗಾಡಿಯ ಗುರುತೇ ಹೋಯಿತು. ದಪ್ಪ ಬಣ್ಣ ಬಳಿದು ಮುಚ್ಚಿದರೂ ತಪಾಸಣೆಯ ದಿನ ಪೇಚಾಟ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಅದಕ್ಕೆ ವಿ ಮತ್ತು ಎ ಎಂಬ ಅಕ್ಷರಗಳಿರುವ ಹೊಸ ನಂಬರು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, 10 ವರ್ಷದ ಅವಧಿ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ನಿಯಮದಲ್ಲಿ ಇನ್ನೊಂದು ಮಾತಿದೆ. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನು ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೀಗಾಗಿ ಏನನ್ನು ಉಳಿಸಬೇಕು ಎಂಬುದು ಈಗ ಬರೀ ಅಭಿರುಚಿಯ ಮಾತಾಗಿ ಉಳಿದಿಲ್ಲ. ಅದಕ್ಕೆ ಕಾನೂನಿನ ತೂಕವೂ ಬಂದಿದೆ.

ದಿನವೂ ಆಫೀಸಿಗೆ ಯೆಜ್ಡಿಯಲ್ಲೇ ಹೋಗುತ್ತೇನೆ ಎನ್ನುವವರಿಗೆ ಈ ದಾರಿ ಬೇಡ. ಅವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಲೇಸು.

ಕಾಗದದ ಕೆಲಸ ಮುಗಿಯಿತು ಎಂದುಕೊಂಡು ಗಾಡಿಯ ಹತ್ತಿರ ಬರೋಣ. ಇನ್ನು ಬಿಚ್ಚುವ ಕೆಲಸ.

ಅನುಭವಿ ಮೆಕ್ಯಾನಿಕ್ ಬಿಚ್ಚುವ ಮೊದಲು ನೋಡುತ್ತಾನೆ. ವೈರು ಯಾವ ಕಡೆಯಿಂದ ಹಾದಿದೆ? ಯಾವ ಬೋಲ್ಟಿಗೆ ವಾಷರ್ ಇದೆ? ಎಲ್ಲಕ್ಕೂ ಮೊಬೈಲಿನಲ್ಲಿ ಫೋಟೊ. ಬಿಚ್ಚಿದ ನಟ್ಟು ಬೋಲ್ಟುಗಳು ಡಬ್ಬಿ ಡಬ್ಬಿಯಾಗಿ ಬೇರೆ. ಡಬ್ಬಿಯ ಮೇಲೆ ಚೀಟಿ. ಹೊಸಬರು ತುಕ್ಕು ಹಿಡಿದ ಬೋಲ್ಟುಗಳನ್ನೆಲ್ಲ ಎಸೆದು ಅಂಗಡಿಯಿಂದ ಫಳಫಳ ಹೊಳೆಯುವ ಸ್ಟೀಲ್ ಬೋಲ್ಟು ತರುತ್ತಾರೆ. ಗಾಡಿ ಸಿಂಗಾರಗೊಂಡಂತೆ ಕಾಣುತ್ತದೆ, ನಿಜ. ಆದರೆ ಕಾರ್ಖಾನೆಯ ಬೋಲ್ಟಿನ ತಲೆಯ ಎತ್ತರ ಬೇರೆ, ಬಣ್ಣ ಬೇರೆ. ತಿಳಿದವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಹಳೆಯ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಲ್ಲಿ ಉಜ್ಜಿ, ಸತುವಿನ ಲೇಪ ಕೊಡಿಸಿದರೆ ಬಹಳಷ್ಟು ಮತ್ತೆ ಕೆಲಸಕ್ಕೆ ಬರುತ್ತವೆ. ಎಳೆ ಸವೆದವು, ಬ್ರೇಕಿನ ಭಾಗದವು ಮಾತ್ರ ಹೊಸದಾಗಲಿ. ಅಲ್ಲಿ ಹಳೆಯದರ ಮೋಹ ಸಲ್ಲ.

ಪೆಟ್ರೋಲ್ ಟ್ಯಾಂಕಿನ ತುಕ್ಕಿಗೆ ಅಡುಗೆಮನೆಯಲ್ಲೇ ಮದ್ದಿದೆ. ಅದು ನಿಂಬೆ ಉಪ್ಪು. ಟ್ಯಾಂಕನ್ನು ಪೂರಾ ಖಾಲಿ ಮಾಡಿ, ಪೆಟ್ರೋಲಿನ ವಾಸನೆ ಹೋಗುವ ತನಕ ಸೋಪಿನ ನೀರಿನಲ್ಲಿ ತೊಳೆಯಬೇಕು. ಒಂದು ಹಿಡಿ ಹಳೆಯ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ಆಮೇಲೆ ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಒಂದು ರಾತ್ರಿ ತುಂಬಿಡುವುದು. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಕೂಡಲೇ ಎಂಬುದನ್ನು ಒತ್ತಿ ಹೇಳಬೇಕು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಕಾತ್ರಜವಂತೂ ಗುಡ್ಡದ ಬುಡ. ಜುಲೈ ತಿಂಗಳ ಥಂಡಿ ಗಾಳಿಯಲ್ಲಿ ಸಂಜೆ ಉಜ್ಜಿಟ್ಟ ತಗಡು ಬೆಳಗಾಗುವುದರೊಳಗೆ ಕೆಂಪಗಾಗಿರುತ್ತದೆ. ತಗಡು ಬೆತ್ತಲಾದ ದಿನವೇ ಪ್ರೈಮರ್ ಬೀಳಬೇಕು.

ಈವರೆಗೆ ಹೊರಮೈ ನೋಡಿದೆವು. ನಂಬರುಗಳನ್ನು ಉಳಿಸಿದೆವು, ಬೋಲ್ಟುಗಳನ್ನು ಉಳಿಸಿದೆವು, ಟ್ಯಾಂಕು ತೊಳೆದೆವು. ಇನ್ನು ಎಂಜಿನ್ನಿನ ಒಳಗೆ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಏಕೆಂದರೆ ಹಣ ಹೋಗುವುದೂ ಇಲ್ಲೇ, ಕಲಿಯುವುದೂ ಇಲ್ಲೇ.

ಜಾವಾ 250 ಎಂಜಿನ್ನಿನ ಬೋರು 65 ಮಿಲಿಮೀಟರ್, ಸ್ಟ್ರೋಕು 75 ಮಿಲಿಮೀಟರ್. ಒಟ್ಟು ಗಾತ್ರ 250 ಸಿಸಿಗೆ ಕೂದಲಷ್ಟು ಕಡಿಮೆ. ಎರಡು ಸ್ಟ್ರೋಕಿನದಾದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಪೆಟ್ರೋಲ್ ಗಾಳಿ ಮೊದಲು ಹೋಗುವುದು ಕೆಳಗಿನ ಕ್ರ್ಯಾಂಕ್ ಕೋಣೆಗೆ. ಪಿಸ್ಟನ್ ಕೆಳಗಿಳಿದಾಗ ಆ ಕೋಣೆಯೇ ಕಮ್ಮಾರನ ತಿದಿಯಂತೆ ಅದನ್ನು ಮೇಲಕ್ಕೆ ಊದುತ್ತದೆ. ತಿದಿಗೆ ತೂತು ಬಿದ್ದರೆ ಕುಲುಮೆ ಉರಿಯುವುದಿಲ್ಲ. ಇಲ್ಲೂ ಅಷ್ಟೇ. ಆ ಕೋಣೆಯಿಂದ ಗಾಳಿ ಸೋರಬಾರದು.

ಸೋರದಂತೆ ಕಾಯುವುದು ಎರಡು ರಬ್ಬರ್ ಬಳೆಗಳು. ಅವಕ್ಕೆ ಆಯಿಲ್ ಸೀಲ್ ಎನ್ನುತ್ತಾರೆ. ಕ್ರ್ಯಾಂಕಿನ ಎಡಕ್ಕೊಂದು, ಬಲಕ್ಕೊಂದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರು ಒಣಗಿ ಕಟ್ಟಿಗೆಯಾಗಿರುತ್ತದೆ. ಎಡಗಡೆ ಕ್ಲಚ್ಚು, ಅದರ ಎಣ್ಣೆ. ಎಡ ಸೀಲ್ ಹೋದರೆ ಆ ಎಣ್ಣೆ ಒಳಕ್ಕೆ ಹೀರಿಕೊಂಡು ಉರಿಯುತ್ತದೆ. ಹಿಂದೆ ಬಿಳಿ ಹೊಗೆಯ ಮೋಡ. ಗೇರ್ ಎಣ್ಣೆ ದಿನದಿನಕ್ಕೆ ಕಡಿಮೆ. ಬಲಗಡೆ ಡೈನಮೊ. ಬಲ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಪ್ಲಗ್ ಬಿಚ್ಚಿದರೆ ತುದಿ ಬೂದಿಯಂತೆ ಬೆಳ್ಳಗೆ. ಎಷ್ಟೋ ಜನ ಕಾರ್ಬುರೇಟರನ್ನು ಹತ್ತು ಸಲ ಬಿಚ್ಚಿ ತೊಳೆದು, ಜೆಟ್ಟು ಬದಲಿಸಿ, ಕೊನೆಗೆ ಹೊಸ ಕಾರ್ಬುರೇಟರನ್ನೇ ತಂದು ಹಾಕುತ್ತಾರೆ. ರೋಗ ಇರುವುದು ಕೆಲವು ನೂರು ರೂಪಾಯಿಯ ಸೀಲಿನಲ್ಲಿ.

ಹಾಗಾಗಿ ಎರಡನೆಯ ಉತ್ತರ: ರಬ್ಬರನ್ನು ಧಾರಾಳವಾಗಿ ಬದಲಿಸಿ. ಲೋಹವನ್ನು ಬದಲಿಸುವ ಮುನ್ನ ಅಳೆಯಿರಿ.

ಅಳತೆ ಎಂದರೇನು? ಸಿಲಿಂಡರ್ ಎಷ್ಟು ಸವೆದಿದೆ ಎಂದು ಬೋರ್ ಗೇಜ್ ಹೇಳುತ್ತದೆ. ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಬೋರಿಂಗ್ ಮಾಡಿಸಿ, ಕಾಲು ಮಿಲಿಮೀಟರಿನಷ್ಟು ದೊಡ್ಡ ಪಿಸ್ಟನ್ ಹಾಕಬೇಕು. ಪ್ರತಿ ಬೋರಿಂಗಿಗೂ ಸಿಲಿಂಡರಿನ ಗೋಡೆ ತೆಳುವಾಗುತ್ತದೆ. ನಾಲ್ಕಾರು ಸಲ ಆದ ಮೇಲೆ ಹೊಸ ಸ್ಲೀವ್ ಕೂರಿಸಬೇಕು. ಆದ್ದರಿಂದ ರಿಂಗ್ ಬದಲಿಸಿದರೆ ಸಾಕಾಗುವ ಕಡೆ ಬೋರಿಂಗ್ ಮಾಡಿಸುವುದು ಗಾಡಿಯ ಆಯುಸ್ಸನ್ನು ಸುಮ್ಮನೆ ಖರ್ಚು ಮಾಡಿದಂತೆ.

ಬೋರಿಂಗ್ ಆದ ಮೇಲೂ ಒಂದು ಸೂಕ್ಷ್ಮವಿದೆ. ಕಿಂಡಿಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಮೆಲ್ಲಗೆ ಮೊಂಡು ಮಾಡಬೇಕು. ಇಲ್ಲವಾದರೆ ರಿಂಗ್ ಆ ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಪಿಸ್ಟನ್ನಿನ ರಿಂಗ್ ಕೂರುವ ತೋಡಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಪಿನ್ನೊಂದು ಇರುತ್ತದೆ. ರಿಂಗಿನ ಎರಡು ತುದಿ ಆ ಪಿನ್ನಿನ ಆಚೆ ಈಚೆ ಸರಿಯಾಗಿ ಕೂರಬೇಕು. ರಿಂಗ್ ತಿರುಗಿ ಅದರ ತುದಿ ಕಿಂಡಿಯೊಳಕ್ಕೆ ಇಣುಕದಿರಲಿ ಎಂದೇ ಆ ಪಿನ್ನು. ಅವಸರದಲ್ಲಿ ಸಿಲಿಂಡರನ್ನು ಗುದ್ದಿ ಕೂರಿಸಿದರೆ ಹೊಸ ರಿಂಗು ಅಲ್ಲೇ ಚೂರು. ಮೇಸ್ತ್ರಿಗಳು ಇಲ್ಲಿ ಉಪಕರಣಕ್ಕಿಂತ ಬೆರಳನ್ನು ನಂಬುತ್ತಾರೆ. ಎರಡು ಹೆಬ್ಬೆರಳಲ್ಲಿ ರಿಂಗ್ ಒತ್ತಿ ಹಿಡಿದು ಸಿಲಿಂಡರನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡುತ್ತಾರೆ.

ಕ್ರ್ಯಾಂಕಿನ ಕೆಲಸ ಮನೆಯಲ್ಲಿ ಆಗದು. ಅದನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಡಿಸಿ, ಬೇರಿಂಗ್ ಹಾಕಿ, ಮತ್ತೆ ಒತ್ತಿ ಕೂರಿಸಿ, ಡಯಲ್ ಗೇಜ್ ಇಟ್ಟು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ನೇರ ಮಾಡಬೇಕು. ಈ ವಿಷಯದಲ್ಲಿ ಪುಣೆಯವರು ಪುಣ್ಯವಂತರು. ಭೋಸರಿ, ಪಿಂಪ್ರಿ-ಚಿಂಚವಡ ಕಡೆ ಲೇತ್, ಗ್ರೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ದೊಡ್ಡ ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೈಗಳು ಅಲ್ಲಿವೆ.

ಸರಿ, ಎಂಜಿನ್ನಿನಲ್ಲಿ ರಬ್ಬರ್ ಬದಲಿಸಿದೆವು, ಲೋಹವನ್ನು ಅಳೆದೆವು. ಆದರೆ ಬೇಕಾದ ಭಾಗ ಸಿಗುವುದೆಲ್ಲಿ? ಕಾರ್ಖಾನೆ ಮುಚ್ಚಿ ಕಾಲು ಶತಮಾನಕ್ಕಿಂತ ಹೆಚ್ಚಾಯಿತಲ್ಲ!

ಪುಣೆಯಲ್ಲಿ ಮೊದಲು ಕೇಳಿಬರುವ ಹೆಸರು ನಾನಾ ಪೇಠ್. ದ್ವಿಚಕ್ರ ವಾಹನದ ಬಿಡಿಭಾಗಗಳ ಅಂಗಡಿಗಳು ಅಲ್ಲಿ ಸಾಲು ಸಾಲು. ಎರಡನೆಯದು ಜುನಾ ಬಜಾರ್. ಬುಧವಾರ, ಭಾನುವಾರ ನಡೆಯುವ ಹಳೆ ಸಾಮಾನಿನ ಸಂತೆ. ನೆಲದ ಮೇಲೆ ಹಾಸಿದ ತಾಡಪಾಲು. ಅದರ ಮೇಲೆ ಹಿತ್ತಾಳೆ ಹೂಜಿ, ಹಳೆ ಗಡಿಯಾರ, ಬೀಗ, ರೇಡಿಯೊ. ಅವುಗಳ ನಡುವೆ ಯಾವುದೋ ಗಾಡಿಯ ಹೆಡ್‌ಲೈಟಿನ ಬಟ್ಟಲು. ಮಾರುವವನು ಮರಾಠಿಯಲ್ಲಿ ‘ಓರಿಜಿನಲ್ ಆಹೇ ಸಾಹೇಬ್’ ಎನ್ನುತ್ತಾನೆ. ಅವನ ಮಾತು ನಿಜವಿರಲೂಬಹುದು. ಭಾಗವನ್ನು ಕೈಯಲ್ಲಿ ತೂಗಿ, ಕಾರ್ಖಾನೆಯ ಅಚ್ಚು ಇದೆಯೇ ಎಂದು ತಡವಿ ನೋಡಿಯೇ ಕೊಳ್ಳಬೇಕು. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ದಿಲ್ಲಿಯ ಕರೋಲ್ ಬಾಗ್. ಜಾವಾ ಇವತ್ತಿಗೂ ಚೆಕ್ ನಾಡಿನಲ್ಲಿ ಬದುಕಿರುವುದರಿಂದ ಅಲ್ಲಿಂದಲೂ ಕೆಲವು ಭಾಗ ತರಿಸುತ್ತಾರೆ.

ಹೊಸದಾಗಿ ಮಾಡಿದ ನಕಲಿ ಭಾಗಗಳ ಗುಣಮಟ್ಟದಲ್ಲಿ ಅಜಗಜಾಂತರ. ಮಡ್‌ಗಾರ್ಡಿನ ತಗಡು ತೆಳು, ರಂಧ್ರಗಳು ಅರ್ಧ ಇಂಚು ಆಚೀಚೆ. ಹಳೆಯ ಮಡ್‌ಗಾರ್ಡು ತೂತಾಗಿದ್ದರೂ ತಾಳ್ಮೆಯ ಟಿಂಕರಿಂಗ್ ಮೇಸ್ತ್ರಿ ಅದಕ್ಕೆ ತಗಡು ಬೆಸೆದು ತಟ್ಟಿ ಸರಿಮಾಡಬಲ್ಲ. ಕೂಲಿ ಹೊಸ ಮಡ್‌ಗಾರ್ಡಿನ ಬೆಲೆಗಿಂತ ಹೆಚ್ಚಾಗಬಹುದು. ಆದರೂ ಹಳೆಯದನ್ನೇ ಉಳಿಸುವುದು ವಾಸಿ, ಅದು ಗಾಡಿಗೆ ಸರಿಯಾಗಿ ಕೂರುತ್ತದೆ.

ಬಣ್ಣ ಮತ್ತು ಕ್ರೋಮ್ ವಿಷಯಕ್ಕೆ ಬಂದರೆ ಜಗಳವೇ ಶುರು.

ಒಂದು ಪಂಗಡದ ಪ್ರಕಾರ ಗಾಡಿ ಶೋರೂಮಿನಿಂದ ಬಂದ ಹಾಗೆ ಮಿಂಚಬೇಕು. ಇನ್ನೊಂದು ಪಂಗಡಕ್ಕೆ ಮಾಸಿದ ಬಣ್ಣವೇ ಬೇಕು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 1966ರಲ್ಲಿ ಹುಟ್ಟಿದ್ದು. ಅದು 2010ರ ದಶಕದ ಆರಂಭದಲ್ಲಿ ಟ್ಯೂರಿನ್ ಸನ್ನದು ಎಂಬ ಮಾರ್ಗಸೂಚಿ ಒಪ್ಪಿತು. ಕಟ್ಟಡ, ಶಿಲ್ಪಗಳಂತೆ ಹಳೆಯ ವಾಹನವೂ ಚರಿತ್ರೆಯ ವಸ್ತು, ಇದ್ದುದನ್ನು ಕಾಪಾಡುವುದಕ್ಕೆ ಮೊದಲ ಆದ್ಯತೆ ಎಂಬುದು ಅದರ ನಿಲುವು. ಯೂರೋಪಿನ ಮಾತು ಕಾತ್ರಜದ ಗಲ್ಲಿಗೆ ಏಕೆ ಎನ್ನಬಹುದು. ಆದರೆ ಅದರಲ್ಲಿ ವ್ಯವಹಾರಜ್ಞಾನವೂ ಇದೆ.

ಕ್ರೋಮನ್ನೇ ನೋಡಿ. ಹೊಸ ಕ್ರೋಮ್ ಹಾಕಬೇಕಾದರೆ ಹಳೆಯದನ್ನು ಕಿತ್ತು, ತಗಡನ್ನು ಉಜ್ಜಿ, ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮ್ ಹೀಗೆ ಪದರದ ಮೇಲೆ ಪದರ ಕೊಡಬೇಕು. ಉಜ್ಜುವಾಗ ಟ್ಯಾಂಕಿನ ತಗಡು ತೆಳುವಾಗುತ್ತದೆ. ತುಕ್ಕು ತಿಂದಿದ್ದ ಜಾಗದಲ್ಲಿ ಸೂಜಿಮೊನೆಯ ತೂತು ಬಿದ್ದು ಪೆಟ್ರೋಲ್ ಜಿನುಗುತ್ತದೆ. ಪ್ಲೇಟಿಂಗಿನ ತೊಟ್ಟಿಯಲ್ಲಿರುವ ಕ್ರೋಮಿಯಂ ವಿಷ, ಮನೆಯಲ್ಲಿ ಮಾಡುವ ಮಾತೇ ಇಲ್ಲ. ಕ್ರೋಮ್ ಬರೀ ಮಸುಕಾಗಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರುವತ್ತು ವರ್ಷದ ಗಾಡಿ ಅರುವತ್ತು ವರ್ಷದ್ದಾಗಿ ಕಂಡರೆ ಏನು ಕುಂದು?

ಬಣ್ಣಕ್ಕೂ ಎಚ್ಚರ ಬೇಕು. ಈಗಿನ ಎರಡು ಡಬ್ಬಿ ಬೆರೆಸುವ ಪಿಯು ಬಣ್ಣದ ಗಟ್ಟಿಕಾರಕದಲ್ಲಿರುವ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪಾರ್ಕಿಂಗಿನಲ್ಲಿ ಸ್ಪ್ರೇ ಹೊಡೆಯಬಾರದು. ಅದನ್ನು ಪೇಂಟ್ ಬೂತಿಗೆ ಬಿಡಿ. ಬಂಗಾರದ ಗೆರೆಯನ್ನು ಮಾತ್ರ ಸ್ಟಿಕ್ಕರಿಗೆ ಬಿಡಬೇಡಿ. ಲಾರಿ ಬರಹ, ಬೋರ್ಡು ಬರೆಯುವ ಕಲಾವಿದರು ಇನ್ನೂ ಇದ್ದಾರೆ. ಉದ್ದ ಕೂದಲಿನ ಕುಂಚದಲ್ಲಿ ಒಂದೇ ಉಸಿರಿಗೆ ಎಳೆದ ಗೆರೆಯಲ್ಲಿ ಸಣ್ಣ ಅಳುಕು ಇರುತ್ತದೆ. ಆ ಅಳುಕೇ ಚೆಂದ.

ಹೊರಗೆ, ಒಳಗೆ ಎರಡೂ ಆಯಿತು. ಇಲ್ಲಿಯವರೆಗೆ ಉಳಿಸುವ ಕಡೆಗೇ ವಾದ ಹೂಡಿದೆವು. ಈಗ ಬದಲಾವಣೆ ಬೇಕೇ ಬೇಕಾದ ಎರಡು ಜಾಗ.

ಒಂದು ವಿದ್ಯುತ್ತು. ಹಳೆಯ ಜಾವಾಕ್ಕೆ 6 ವೋಲ್ಟಿನ ವ್ಯವಸ್ಥೆ. ಅದರ ದೀಪ ರಾತ್ರಿ ಹೆದ್ದಾರಿಯಲ್ಲಿ ಮಿಣುಕು ಹುಳು. ಎದುರಿನ ಲಾರಿಯವನಿಗೆ ಕಾಣಬೇಕಲ್ಲ! ಹಾಗಾಗಿ ಹಲವರು 12 ವೋಲ್ಟಿಗೆ ಬದಲಿಸುತ್ತಾರೆ. ಪಾಯಿಂಟ್, ಕಂಡೆನ್ಸರ್ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕುತ್ತಾರೆ. ಮಾಡಲಿ. ಆದರೆ ಚಾಸಿಗೆ ಡ್ರಿಲ್ ಹಿಡಿಯದೆ, ಏನನ್ನೂ ಕತ್ತರಿಸದೆ, ನಾಳೆ ಮತ್ತೆ ಮೊದಲಿನಂತೆ ಮಾಡಬಹುದಾದ ರೀತಿಯಲ್ಲಿ ಮಾಡಲಿ. ಬಿಚ್ಚಿದ ಡೈನಮೊವನ್ನು ಗ್ರೀಸ್ ಸವರಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಡಲಿ.

ಇನ್ನೊಂದು ಪೆಟ್ರೋಲು. ಈಗ ದೇಶದ ಬಂಕುಗಳಲ್ಲಿ ಸಿಗುವುದು ಸುಮಾರು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ಬಿರಡೆ ಇವುಗಳನ್ನು ಮೆತ್ತಗೆ ಮಾಡುತ್ತದೆ. ಎಥನಾಲಿಗೆ ತಡೆಯುವ ಪೈಪು ಹಾಕಲೇಬೇಕು. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಬೇಕು.

ಈಗ ಗಾಡಿ ಸಿದ್ಧ. ಇನ್ನು ಪರೀಕ್ಷೆ. ಮೊದಲಲ್ಲಿ ಹೇಳಿದ ಕಾತ್ರಜದ ಘಾಟಿ ನೆನಪಿದೆಯಷ್ಟೆ?

ಈ ಎಂಜಿನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರ್. ಪಿಸ್ಟನ್ನಿಗೆ, ಬೇರಿಂಗಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಘಾಟಿ ಹತ್ತುವಾಗ ಎಂಜಿನ್ ಕಾಯುತ್ತದೆ. ಹೊಸ ಪಿಸ್ಟನ್ ಆಗ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಸ್ವರ ಬಿಗಿಯಾಯಿತು, ಓಟ ತಾನಾಗಿ ಕುಗ್ಗಿತು ಎನ್ನಿಸಿದ ಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ತಣಿಯಲು ಬಿಡಬೇಕು.

ಇದು ಎಲ್ಲರಿಗೂ ಗೊತ್ತು. ಹೊಸಬರಿಗೆ ಗೊತ್ತಿಲ್ಲದ್ದು ಇಳಿಜಾರಿನ ಅಪಾಯ. ಸುರಂಗದಿಂದ ಕಾತ್ರಜದ ಕಡೆಗೆ ಇಳಿಯುವಾಗ ಸವಾರ ಆಕ್ಸಿಲರೇಟರ್ ಪೂರಾ ಮುಚ್ಚುತ್ತಾನೆ. ಗಾಡಿ ಗೇರಿನಲ್ಲೇ ಇರುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಲೇ ಇರುತ್ತದೆ, ಆದರೆ ಪೆಟ್ರೋಲ್ ಬರುವುದು ತೀರಾ ಕಡಿಮೆ. ಪೆಟ್ರೋಲ್ ಕಡಿಮೆ ಎಂದರೆ ಎಣ್ಣೆಯೂ ಕಡಿಮೆ. ಹತ್ತುವಾಗ ಬದುಕಿದ ಎಂಜಿನ್ ಇಳಿಯುವಾಗ ಒಣಗಿ ಕಚ್ಚಿಕೊಂಡ ಉದಾಹರಣೆಗಳು ಎರಡು ಸ್ಟ್ರೋಕಿನ ಕಾಲದವರಿಗೆಲ್ಲ ಗೊತ್ತಿರುತ್ತವೆ. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುವುತ್ತಿದ್ದರು. ಎಂಜಿನ್ನಿಗೆ ಒಂದು ಗುಟುಕು ಎಣ್ಣೆ ಕುಡಿಸುವ ಉಪಾಯ ಅದು. ಎರಡು ಸ್ಟ್ರೋಕಿನ ಎಂಜಿನ್ನು ಗಾಡಿಯನ್ನು ಹಿಡಿದು ನಿಲ್ಲಿಸುವುದೂ ಕಡಿಮೆ. ಹೀಗಾಗಿ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ. ಒಂದೇ ಸಮನೆ ಒತ್ತಿ ಹಿಡಿದರೆ ಡ್ರಮ್ ಕಾದು ಬ್ರೇಕ್ ಜಾರುತ್ತದೆ. ಬಿಟ್ಟು ಬಿಟ್ಟು ಒತ್ತುತ್ತ, ಮುಂದಿನದನ್ನೂ ಹಿಂದಿನದನ್ನೂ ಸೇರಿಸಿ ಒತ್ತುತ್ತ ಇಳಿಯಬೇಕು.

ಇಷ್ಟು ಪಳಗುವ ತನಕ ಲಾರಿ ಬಸ್ಸುಗಳ ನಡುವೆ ನುಗ್ಗುವುದು ಬೇಡ. ಬೆಳಗಿನ ಜಾವ ದಟ್ಟಣೆ ಇಲ್ಲದಾಗ ಹಳೆಯ ಘಾಟಿ ರಸ್ತೆಗೆ ಹೋಗಬೇಕು. ಹೆಲ್ಮೆಟ್ ಇರಲಿ. ಸುರಂಗದ ಆಚೆ ಇಳಿದು ಖೇಡ್ ಶಿವಾಪುರದ ತನಕ ಹೋಗಿ ಬಂದರೆ ಹತ್ತುವುದು, ಇಳಿಯುವುದು, ನೇರ ರಸ್ತೆ ಮೂರೂ ಸಿಗುತ್ತದೆ. ಮನೆಗೆ ಬಂದು ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಬೆಲ್ಲದ ಬಣ್ಣಕ್ಕಿದ್ದರೆ ಮಿಶ್ರಣ ಸರಿ. ಬೆಳ್ಳಗಿದ್ದರೆ ಮತ್ತೆ ಆ ಬಲಗಡೆಯ ಸೀಲಿನ ವಿಚಾರಣೆ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚಾಯಿತು, ಇಲ್ಲವೇ ಕಾರ್ಬುರೇಟರ್ ಹೆಚ್ಚು ಕುಡಿಸುತ್ತಿದೆ. ಮೊದಲ 500 ಕಿಲೋಮೀಟರ್ ಹೀಗೆ ಹಗುರಾಗಿ ಓಡಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಗೇರ್ ಎಣ್ಣೆ ಬದಲಿಸುವುದು ರೂಢಿ.

ಕೊನೆಯದಾಗಿ, ಈ ಕೆಲಸಕ್ಕೆ ಇಳಿಯಬೇಕೆನ್ನುವ ಕೇಳುಗರಿಗೆ ಒಂದು ಮಾಹಿತಿ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನ. ಬೆಂಗಳೂರು, ಮೈಸೂರು, ಪುಣೆ ಮುಂತಾದ ಊರುಗಳಲ್ಲಿ ಅಂದು ಜಾವಾ, ಯೆಜ್ಡಿ ಮಾಲೀಕರು ಗಾಡಿಗಳೊಡನೆ ಒಟ್ಟು ಸೇರುತ್ತಾರೆ. ಕಡು ಕೆಂಪಿನ ಜಾವಾದಿಂದ ಹಿಡಿದು ರೋಡ್‌ಕಿಂಗ್ ತನಕ ಎಲ್ಲ ತಲೆಮಾರಿನ ಗಾಡಿಯನ್ನು ಒಂದೇ ಕಡೆ ನೋಡಬಹುದು. ನಿಮ್ಮ ಗಾಡಿಯ ಮಾದರಿಯ ಫೋಟೊ, ಎಂಜಿನ್ ನಂಬರು, ಬೇಕಾದ ಭಾಗಗಳ ಪಟ್ಟಿ ಜೇಬಿನಲ್ಲಿರಲಿ. ಯಾವ ಮೇಸ್ತ್ರಿ ಕ್ರ್ಯಾಂಕ್ ಸರಿಯಾಗಿ ಕೂರಿಸುತ್ತಾನೆ, ಯಾವ ಅಂಗಡಿಯ ಸೀಲು ಬಾಳಿಕೆ ಬರುತ್ತದೆ ಎಂದು ಅಲ್ಲಿ ಬಂದವರನ್ನು ಕೇಳಿ. ಸಾಧ್ಯವಾದರೆ ಅವರ ಗಾಡಿಯ ಸ್ವರವನ್ನೂ ಒಂದು ಗಳಿಗೆ ಕಿವಿಗೊಟ್ಟು ಕೇಳಿ. ಸರಿಯಾಗಿ ಟ್ಯೂನ್ ಆದ ಜಾವಾ ಹೇಗೆ ಕೇಳಿಸುತ್ತದೆ ಎಂದು ಗೊತ್ತಿದ್ದರೆ ನಿಮ್ಮ ಗಾಡಿಗೆ ಮುಂದೆ ಎಷ್ಟು ಕೆಲಸ ಬಾಕಿ ಇದೆ ಎಂದು ಅಂದಾಜಾಗುತ್ತದೆ.